ಎಂಡೆವರ್: ಸ್ಪ್ರಿಂಗ್ ಮತ್ತು ಚಕ್ರ ಬದಲಿಸಿದ ಮೇಲೆ ಸ್ಟೀರಿಂಗ್ ನಡುಕ, ಮೂರು ಬಾರಿ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುತ್ತಿಲ್ಲ

ಕಾಫಿತೋಟ
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನನ್ನ ಫೋರ್ಡ್ ಎಂಡೆವರ್‌ಗೆ ನಾಲ್ಕೂ ಕಡೆ ಹೆವಿ ಡ್ಯೂಟಿ ಕಾಯಿಲ್ (ಸುರುಳಿ) ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಸಕಲೇಶಪುರದ ತೋಟದ ಕಲ್ಲು ದಾರಿಗೆ ಟೈರಿನ ಗೋಡೆ ಎತ್ತರವಿದ್ದರೆ ಒಳ್ಳೆಯದೆಂದು ಶಿವಾಜಿನಗರದಲ್ಲಿ 17 ಇಂಚಿನ ನಾಲ್ಕು ಬಳಸಿದ ಅಲಾಯ್ ಚಕ್ರಗಳನ್ನೂ ಕೊಂಡೆ. ಅಂದಿನಿಂದ ನೈಸ್ ರಸ್ತೆಯಲ್ಲಿ ವೇಗ 80 ದಾಟಿತೆಂದರೆ ಸ್ಟೀರಿಂಗ್ ಜ್ವರ ಬಂದವರ ಕೈಯಂತೆ ನಡುಗುತ್ತದೆ, 105ರ ಮೇಲೆ ಸ್ವಲ್ಪ ಕಡಿಮೆಯಾಗುತ್ತದೆ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಪೂರ್ತಿ ತಿರುಗಿಸಿದರೆ ಮುಂದಿನ ಟೈರ್ ಎಲ್ಲಿಗೋ ಉಜ್ಜುತ್ತದೆ. ಮೂರು ಬಾರಿ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸಮ ಮಾಡುವುದು), ಎರಡು ಬಾರಿ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಆಗಿದೆ, ಪ್ರತಿ ಸಲವೂ ಯಂತ್ರದಲ್ಲಿ ಸೊನ್ನೆ ತೋರಿಸಿ ಹಣ ತೆಗೆದುಕೊಂಡು ಕಳುಹಿಸಿದ್ದಾರೆ. ಚಕ್ರಗಳು ಆರು ಬೋಲ್ಟಿನವೇ ಆಗಿದ್ದು ಸಲೀಸಾಗಿ ಕುಳಿತಿವೆ, ಆದ್ದರಿಂದ ತೊಂದರೆ ಅಲ್ಲಿರಲಾರದು. ಸ್ಪ್ರಿಂಗ್‌ನದೇ ದೋಷವೇ? ಬೇರೆ ಯಾವ ಸ್ಪ್ರಿಂಗ್ ಹೊಂದುತ್ತದೆ?

ಹಳೇಡೀಸೆಲ್
ಎಂಡೆವರ್‌ನ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಎಲ್ಲಿದೆ ಸ್ವಾಮಿ? ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸಲಾಕೆ), ಹಿಂದೆ ಪಟ್ಟಿ ಸ್ಪ್ರಿಂಗ್. ಎತ್ತರ ಬೇಕೆಂದು ಟಾರ್ಷನ್ ಬಾರಿನ ಬೋಲ್ಟನ್ನು ಯಾರೋ ಅಳತೆ ಮೀರಿ ತಿರುಗಿಸಿರಬೇಕು. ಹಾಗೆ ಮಾಡಿದರೆ ಚಕ್ರವನ್ನು ಹಿಡಿದಿರುವ ಮೇಲಿನ ತೋಳು ಕೆಳಗೆ ಬಾಗಿ ನಿಲ್ಲುತ್ತದೆ, ಬಾಲ್ ಜಾಯಿಂಟ್ (ತೋಳಿನ ತುದಿಯ ಗುಂಡು ಕೀಲು) ತನ್ನ ಮಿತಿಗೆ ತಗಲುತ್ತದೆ, ಹತ್ತು ಸಾವಿರ ಕಿಲೋಮೀಟರಿನೊಳಗೆ ಸಡಿಲವಾಗುತ್ತದೆ. ನನ್ನ 2007ರ ಗಾಡಿಯಲ್ಲಿ ಇದೇ ಆಗಿತ್ತು. ಬಾಲ್ ಜಾಯಿಂಟ್ ನೋಡಿಸಿ.

ತುಮಕೂರು ದಾರಿ
ಒಂದೇ ಹೆಸರಿನಲ್ಲಿ ಎರಡು ಬೇರೆ ಗಾಡಿಗಳಿರುವುದೇ ಈ ಗೊಂದಲಕ್ಕೆ ಕಾರಣ. ಹಳೇಡೀಸೆಲ್ ಅವರು ಹೇಳಿದ್ದು 2003ರಿಂದ ಮಾರಾಟವಾದ ಮೊದಲ ತಲೆಮಾರಿಗೆ ಸರಿ. 2016ರಲ್ಲಿ ಬಂದದ್ದು ಹೊರದೇಶಗಳಲ್ಲಿ ಎವರೆಸ್ಟ್ ಎಂಬ ಹೆಸರಿನ, ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಗಾಡಿ. ಅದರ ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಜೋಡಿ ತೋಳಿನ ಸಸ್ಪೆನ್ಷನ್, ಹಿಂದೆ ಇಡೀ ಆಕ್ಸಲ್, ಕಾಯಿಲ್ ಸ್ಪ್ರಿಂಗ್ ಮತ್ತು ವಾಟ್ಸ್ ಲಿಂಕೇಜ್ (ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಸಲಾಕೆಗಳ ಜೋಡಣೆ) ಇವೆ. ಒಂದರ ಒಂದು ಬುಷ್ ಕೂಡ ಇನ್ನೊಂದಕ್ಕೆ ಆಗಿಬರುವುದಿಲ್ಲ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ‘ಎಂಡೆವರ್ ಶಾಕ್’ ಎಂದಷ್ಟೇ ಕೇಳಿದರೆ ಮೊದಲು ಹಳೆಯದನ್ನೇ ತೆಗೆದಿಡುತ್ತಾರೆ. ನಿಮ್ಮದು ಯಾವುದು?

ಕಾಫಿತೋಟ
ಹೊಸದೇ, 2018ರ 3.2 ಲೀಟರ್ ಎಂಜಿನಿನದು. ಕಾಯಿಲ್ ಸ್ಪ್ರಿಂಗ್ ಎಂದ ಮೇಲೆ ಅದು ತಿಳಿಯುತ್ತದೆ ಎಂದುಕೊಂಡಿದ್ದೆ.

ಹಳೇಡೀಸೆಲ್
ಸರಿ, ಟಾರ್ಷನ್ ಬಾರಿನ ಮಾತು ವಾಪಸ್ ಪಡೆದೆ. ಬಾಲ್ ಜಾಯಿಂಟಿನ ಮಾತನ್ನು ಮಾತ್ರ ಪಡೆಯುವುದಿಲ್ಲ. ಮುಂಭಾಗ ಎತ್ತರಿಸಿದಾಗ ಈ ಗಾಡಿಯಲ್ಲೂ ತೋಳುಗಳ ಕೋನ ಬದಲಾಗುತ್ತದೆ, ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಚಕ್ರ ನೇರಕ್ಕೆ ಮರಳುವ ಗುಣ ಕುಗ್ಗುತ್ತದೆ. ಅಲೈನ್‌ಮೆಂಟ್ ಚೀಟಿಯಲ್ಲಿ ಕ್ಯಾಸ್ಟರ್ ಎಷ್ಟಿದೆ ಎಂದು ಬರೆಯಿರಿ. ಬಹಳಷ್ಟು ಅಂಗಡಿಗಳು ಟೋ (ಚಕ್ರಗಳ ಮುಂತುದಿ ಒಳಗೋ ಹೊರಗೋ ತಿರುಗಿರುವ ಅಳತೆ) ಒಂದನ್ನೇ ಸರಿಪಡಿಸಿ ಚೀಟಿ ಹರಿದುಕೊಡುತ್ತವೆ.

ಪೀಣ್ಯ ಲೇತ್
ಕ್ಯಾಸ್ಟರ್ ಕಡಿಮೆಯಾದರೆ ಗಾಡಿ ದಾರಿಯಲ್ಲಿ ಆಚೀಚೆ ಅಲೆಯುತ್ತದೆ. 80ರಲ್ಲಿ ಶುರುವಾಗಿ 105ಕ್ಕೆ ತಗ್ಗುವ ನಡುಕ ಹೆಚ್ಚಾಗಿ ತಿರುಗುವ ಭಾಗದ್ದು, ಎಂದರೆ ಚಕ್ರದ್ದು. ಆ ಚಕ್ರಗಳು ಯಾವ ಗಾಡಿಯವು ಎಂಬುದನ್ನು ಈವರೆಗೆ ನೀವೂ ಹೇಳಿಲ್ಲ, ಯಾರೂ ಕೇಳಿಲ್ಲ. ಆರು ಬೋಲ್ಟ್, ಅವು ಕೂರುವ 139.7 ಮಿ.ಮೀ. ವೃತ್ತ ಎಂಬುದು ಎಂಡೆವರ್, ಟೊಯೋಟಾ ಫಾರ್ಚೂನರ್, ಇಸುಜು ವಿ-ಕ್ರಾಸ್, ಪಜೆರೋ ಸ್ಪೋರ್ಟ್ ಎಲ್ಲಕ್ಕೂ ಒಂದೇ. ಗುಜರಿಯವರು ‘ಎಲ್ಲಕ್ಕೂ ಆಗುತ್ತದೆ’ ಎನ್ನುವುದು ಇದೇ ಧೈರ್ಯದಿಂದ. ಆದರೆ ನಡುವಿನ ರಂಧ್ರ ಎಂಡೆವರ್‌ಗೆ 93.1, ವಿ-ಕ್ರಾಸ್‌ಗೆ 100.1, ಫಾರ್ಚೂನರ್‌ಗೆ 106.1 ಮಿ.ಮೀ. ಪಜೆರೋ ಸ್ಪೋರ್ಟ್‌ನದು 67.1, ಅದು ನಿಮ್ಮ ಹಬ್ (ಚಕ್ರ ಕೂರುವ ನಡುಗುಂಬ) ಮೇಲೆ ಹತ್ತುವುದೇ ಇಲ್ಲ. ನಿಮ್ಮವು ಸಲೀಸಾಗಿ ಕುಳಿತವು ಎಂದರೆ ಅಗತ್ಯಕ್ಕಿಂತ ಹೆಚ್ಚು ಸಲೀಸಾಗಿವೆ ಎಂದೇ ನನ್ನ ಅನುಮಾನ.

ಕಾಫಿತೋಟ
ಹಳೆಯ ಫಾರ್ಚೂನರ್‌ನ ಚಕ್ರಗಳು, ಟೈರ್ 265/65. ಅಂಗಡಿಯವರು ಆ ಅಂತರ ತುಂಬಲು ಒಳಗೆ ಪ್ಲಾಸ್ಟಿಕ್ಕಿನ ಬಳೆ ಹಾಕಿಯೇ ಕೂರಿಸಿದ್ದಾರೆ, ಹಾಗಾಗಿ ರಂಧ್ರದ ವಿಷಯ ಹೇಳಬೇಕೆನಿಸಲಿಲ್ಲ.

ತುಮಕೂರು ದಾರಿ
ಹಾಗಿದ್ದರೆ ಉಜ್ಜುವುದಕ್ಕೆ ಸ್ಪ್ರಿಂಗ್ ಕಾರಣವಲ್ಲ. ನಿಮ್ಮ ಮೂಲ ಚಕ್ರದ ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕಿರುವ ದೂರ) 55 ಮಿ.ಮೀ., ಫಾರ್ಚೂನರ್‌ನದು 30, ಆದ್ದರಿಂದ ಟೈರಿನ ನಡುಗೆರೆ ಪ್ರತಿ ಬದಿಯಲ್ಲೂ 25 ಮಿ.ಮೀ. ಹೊರಗೆ ಬಂದಿದೆ. ತಿರುಗಿಸುವಾಗ ಟೈರ್ ದೊಡ್ಡ ಕಮಾನಿನಲ್ಲಿ ಸುತ್ತಿ ಹಿಂಬದಿಯ ಮಡ್ ಫ್ಲ್ಯಾಪ್ ಅಥವಾ ಲೈನರ್‌ಗೆ ತಗಲುತ್ತದೆ. ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ ಹೊರೆ ಹೆಚ್ಚು, ಸಣ್ಣ ನಡುಕವೂ ಸ್ಟೀರಿಂಗ್‌ಗೆ ದೊಡ್ಡದಾಗಿ ಮುಟ್ಟುತ್ತದೆ. ಟೈರಿನ ಎತ್ತರ ಮಾತ್ರ ಸರಿಯಾಗಿದೆ. 265/65 ಆರ್17 ಮತ್ತು ನಿಮ್ಮ ಮೂಲದ 265/60 ಆರ್18 ನಡುವಿನ ವ್ಯತ್ಯಾಸ ಸುಮಾರು ಒಂದು ಮಿ.ಮೀ. ಅಷ್ಟೆ.

ಹಳೇಡೀಸೆಲ್
ಪ್ಲಾಸ್ಟಿಕ್ ಬಳೆಯ ಮೇಲೆ ಎರಡೂವರೆ ಟನ್ ಹೊರಿಸುವುದೇ? ಬ್ರೇಕ್ ಕಾವಿಗೆ ಅದು ಎಂದೋ ಕರಗಿರುತ್ತದೆ. ಅಲ್ಯೂಮಿನಿಯಂನಲ್ಲಿ ಕಡೆಸಿ. ಅಂದಹಾಗೆ, ಈ ಎತ್ತರಿಸುವ ಕೆಲಸ ಕಾನೂನುಬದ್ಧವೇ ಎಂಬುದನ್ನೂ ವಿಚಾರಿಸಿಕೊಳ್ಳಿ. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ.

ಪೀಣ್ಯ ಲೇತ್
ಭಾರ ಹೊರುವುದು ಬಳೆಯಲ್ಲ. ನಟ್‌ಗಳು ಚಕ್ರವನ್ನು ಹಬ್‌ನ ಮುಖಕ್ಕೆ ಒತ್ತಿ ಹಿಡಿದಾಗ ಹುಟ್ಟುವ ಘರ್ಷಣೆಯೇ ಭಾರ ಹೊರುತ್ತದೆ, ಬಳೆ ಬಿಗಿಯುವಾಗ ಚಕ್ರವನ್ನು ನಡುವಿಗೆ ತಂದು ನಿಲ್ಲಿಸುತ್ತದೆ. ನಾನು ಲೇತಿನವನು, 106.1ರ ಹೊರಅಳತೆಗೆ 93.1ರ ಒಳಅಳತೆಯ ಬಳೆ ಕಡೆದುಕೊಟ್ಟರೆ ನನಗೇ ನಾಲ್ಕು ಕಾಸು, ಆದರೂ ಹೇಳುತ್ತಿದ್ದೇನೆ.

ಹಳೇಡೀಸೆಲ್
ಹಾಗಾದರೆ ಕಂಪನಿಯವರು ಹಬ್ ಅಂಚನ್ನು ಅಷ್ಟು ದಪ್ಪ ಉಕ್ಕಿನಲ್ಲಿ ಏಕೆ ಮಾಡುತ್ತಾರೆ? ಇಪ್ಪತ್ತು ವರ್ಷದಿಂದ ಡೀಸೆಲ್ ಗಾಡಿ ಓಡಿಸುತ್ತಿದ್ದೇನೆ, ಗುಂಡಿಗೆ ಬಿದ್ದಾಗ ಹೊಡೆತ ಮೊದಲು ಅಲ್ಲಿಗೇ ಹೋಗುತ್ತದೆ.

ಪೀಣ್ಯ ಲೇತ್
ಈ ಚರ್ಚೆಯನ್ನು ಬೇರೆ ಕಡೆ ಮಾಡೋಣ. ಕಾಫಿತೋಟ ಅವರೇ, ಇನ್ನೊಂದು ಪ್ರಶ್ನೆ ಉಳಿದಿದೆ, ನನಗೆ ಅದೇ ಮುಖ್ಯ: ನಟ್ ಯಾವುವು? ಎರಡೂ ಗಾಡಿಗಳ ಸ್ಟಡ್ (ನಟ್ ಹತ್ತುವ ತಿರುಪು ಮೊಳೆ) 12 ಮಿ.ಮೀ., ಪಿಚ್ (ಎಳೆಗಳ ನಡುವಿನ ಅಂತರ) 1.5, ಆದ್ದರಿಂದ ಯಾವ ನಟ್ ಆದರೂ ತಿರುಗಿ ಹತ್ತುತ್ತದೆ. ಎಂಡೆವರ್‌ನ ನಟ್ ಶಂಕುವಿನಾಕಾರದ ಮೂತಿಯದು. ಆ ಫಾರ್ಚೂನರ್ ಅಲಾಯ್‌ನ ಬೋಲ್ಟ್ ರಂಧ್ರ ನೇರ ಕೊಳವೆಯಂತಿದ್ದು ಮೇಲೆ ಚಪ್ಪಟೆ ಪೀಠ ಇರುತ್ತದೆ, ಅದಕ್ಕೆ ಉದ್ದ ಕತ್ತಿನ, ಚಪ್ಪಟೆ ವಾಷರ್ ಇರುವ ನಟ್ಟೇ ಬೇಕು. ಚಪ್ಪಟೆ ಪೀಠದ ಮೇಲೆ ಶಂಕು ನಟ್ ಬಿಗಿದರೆ ರಂಧ್ರದ ಅಂಚನ್ನು ಒಂದು ಗೆರೆಯಲ್ಲಿ ಮಾತ್ರ ಕಚ್ಚುತ್ತದೆ. ಟಾರ್ಕ್ ವ್ರೆಂಚ್ ಸರಿಯಾದ ಅಂಕಿ ತೋರಿಸಿದರೂ ಹಿಡಿತ ಇರುವುದಿಲ್ಲ, ದಿನ ಕಳೆದಂತೆ ಅಲ್ಯೂಮಿನಿಯಂ ಸವೆದು ನಟ್ ಸಡಿಲವಾಗುತ್ತದೆ. ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ನಡುವಿನ ರಂಧ್ರದಿಂದ ಹಿಡಿಯುವುದರಿಂದ ಅಲ್ಲಿ ಸೊನ್ನೆಯೇ ಬರುತ್ತದೆ. ಗಾಡಿಗೆ ಹಾಕಿದಾಗ ಅದೇ ಚಕ್ರ ಓರೆಯಾಗಿ ಕುಳಿತಿರುತ್ತದೆ. ನೂರು ಸಲ ಬ್ಯಾಲೆನ್ಸ್ ಮಾಡಿಸಿದರೂ ಫಲ ಇಷ್ಟೇ. ದಯವಿಟ್ಟು ಇಂದು ಆ ಗಾಡಿಯನ್ನು ಹೊರಗೆ ತೆಗೆಯಬೇಡಿ. ಒಂದು ಚಕ್ರ ಬಿಚ್ಚಿ ಬೋಲ್ಟ್ ರಂಧ್ರದ ಅಂಚು ನೋಡಿ.

ಕಾಫಿತೋಟ
ನೋಡಿದೆ. ನಟ್‌ಗಳು ನನ್ನ ಗಾಡಿಯ ಹಳೆಯವೇ. ಎಡಗಡೆ ಮುಂದಿನ ಚಕ್ರದ ಆರು ರಂಧ್ರಗಳ ಸುತ್ತಲೂ ಹೊಸದಾಗಿ ಹೊಳೆಯುವ ಉಂಗುರದಂಥ ಗುರುತಿದೆ, ಒಳಗೆ ಬೂದಿಯಂತಹ ಲೋಹದ ಪುಡಿ ಇದೆ. ಎರಡು ನಟ್‌ಗಳು ಪಾನೆಗೆ ಬಲ ಹಾಕುವ ಮೊದಲೇ ತಿರುಗಿದವು. ಹೋದ ವಾರವಷ್ಟೇ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಇದೇ ಗಾಡಿಯಲ್ಲಿ ಶಿರಾಡಿ ಘಾಟಿ ಇಳಿದಿದ್ದೆ.

ತುಮಕೂರು ದಾರಿ
ಹಳೆಯ 18 ಇಂಚಿನ ಚಕ್ರ ಮಾರಿಲ್ಲ ತಾನೇ? ಅವನ್ನೇ ಹಾಕಿಕೊಂಡು ಓಡಿಸಿ ನೋಡಿ. 17 ಇಂಚೇ ಬೇಕೆಂದರೆ ಎಂಡೆವರ್‌ನ ಕಡಿಮೆ ಬೆಲೆಯ ಟ್ರೆಂಡ್ ಮಾದರಿಗೆ ಇದೇ 265/65 ಟೈರಿನ 17 ಇಂಚಿನ ಚಕ್ರ ಬರುತ್ತಿತ್ತು. ನಾನು ಅದನ್ನೇ ಹುಡುಕಿ ಹಾಕಿಕೊಂಡು ತೃಪ್ತನಾಗಿದ್ದೇನೆ, ಬಳೆಯೂ ಬೇಡ, ಬೇರೆ ನಟ್ಟೂ ಬೇಡ. 2021ರಲ್ಲಿ ಇಲ್ಲಿ ತಯಾರಿಕೆ ನಿಲ್ಲುವುದಾಗಿ ಪ್ರಕಟವಾದ ಮೇಲೆ ಗುಜರಿಯಲ್ಲಿ ಇವುಗಳ ಬೆಲೆ ಏರಿದೆ, ಆದರೂ ಸಿಗುತ್ತವೆ.

ಪೀಣ್ಯ ಲೇತ್
ರಂಧ್ರ ಸವೆದ ಚಕ್ರಗಳನ್ನು ಇನ್ನೊಬ್ಬರಿಗೆ ಮಾರಬೇಡಿ. ಸವೆಯದ ಚಕ್ರವಿದ್ದು ಅದನ್ನೇ ಬಳಸುವ ಹಟವಿದ್ದರೆ ಟೊಯೋಟಾದ ಕತ್ತಿನ ನಟ್ ಹಾಕಿ, ಕೈಯಿಂದ ತಿರುಗಿಸುವಾಗ ಕನಿಷ್ಠ ಎಂಟು ಸುತ್ತು ಹತ್ತುತ್ತದೆಯೇ ಎಂದು ಎಣಿಸಿ. ಎಂಟು ಸುತ್ತಿಗೆ 12 ಮಿ.ಮೀ., ಸ್ಟಡ್‌ನ ದಪ್ಪದಷ್ಟು. 50 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿಸಿ.

ಕಾಫಿತೋಟ
ಮೂಲ ಚಕ್ರಗಳನ್ನು ಹಾಕಿ ನೆಲಮಂಗಲದವರೆಗೆ ಹೋಗಿ ಬಂದೆ. ನಡುಕ ಸಂಪೂರ್ಣ ನಿಂತಿದೆ, ಉಜ್ಜುವುದೂ ಇಲ್ಲ. ಆದರೆ ಹಿಂಭಾಗ ಈಗಲೂ ಎತ್ತಿನ ಗಾಡಿಯಂತೆ ಎಗರುತ್ತದೆ, ಪ್ರತಿ ಹಂಪ್‌ನಲ್ಲೂ ಅಮ್ಮ ಬೈಯುತ್ತಾರೆ. ಸ್ಪ್ರಿಂಗ್ ಪೆಟ್ಟಿಗೆಯನ್ನು ಈಗ ಹುಡುಕಿ ಓದಿದರೆ, ಮುಂದಿನದು ಉಕ್ಕಿನ ಬಂಪರ್ ಮತ್ತು ವಿಂಚ್ ಇರುವ ಗಾಡಿಗೆ, ಹಿಂದಿನದು ಸದಾ 400 ಕೆ.ಜಿ. ಹೊರೆ ಇರುವ ಗಾಡಿಗೆ ಎಂದಿದೆ. ನನ್ನಲ್ಲಿ ಬಂಪರ್, ವಿಂಚ್ ಎರಡೂ ಇಲ್ಲ. ಕೊಯ್ಲಿನ ಆರೇಳು ವಾರ 50 ಕೆ.ಜಿ.ಯ ಎಂಟು ಮೂಟೆ ಹೊರುತ್ತೇನೆ, ಉಳಿದ ದಿನ ಇಬ್ಬರೇ.

ತುಮಕೂರು ದಾರಿ
ಹಾಗಿದ್ದಲ್ಲಿ ನೀವು ವರ್ಷದ ಆರು ವಾರಕ್ಕಾಗಿ ನಲವತ್ತಾರು ವಾರ ಕುಲುಕಾಡುತ್ತಿದ್ದೀರಿ. ಹೊಸ ಶಾಕ್‌ಗಳು ಹಾಗೆಯೇ ಇರಲಿ. ಹಿಂದೆ ಮೂಲ ಸ್ಪ್ರಿಂಗನ್ನೇ ಮರಳಿ ಹಾಕಿ, ಅದರೊಳಗೆ ಗಾಳಿ ತುಂಬುವ ಚೀಲ ಕೂರಿಸಿ, ಕೊಯ್ಲಿನಲ್ಲಿ ಮಾತ್ರ ಗಾಳಿ ಹೊಡೆಯಿರಿ. ಮುಂದಿನದಕ್ಕೆ ಬಂಪರ್ ಇಲ್ಲದ ಗಾಡಿಯ ದರ್ಜೆಯ ಸ್ಪ್ರಿಂಗ್ ಕೇಳಿ. ಇದೇ ತಳಹದಿಯ ಫೋರ್ಡ್ ರೇಂಜರ್ ಪಿಕಪ್‌ನ ಹಿಂದಿನ ಭಾಗ ತರಿಸಬೇಡಿ, ಅದರದು ಪಟ್ಟಿ ಸ್ಪ್ರಿಂಗ್. ಆರ್ಡರ್ ಮಾಡುವ ಮುನ್ನ ಸಮತಟ್ಟಾದ ಜಾಗದಲ್ಲಿ ನಾಲ್ಕೂ ಕಡೆ ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಇಲ್ಲಿ ಬರೆಯಿರಿ.

ಹಳೇಡೀಸೆಲ್
ಚಕ್ರ ಬಿಚ್ಚಿದ್ದಾಗ ಬಾಲ್ ಜಾಯಿಂಟ್ ನೋಡಿದಿರಾ?

ಕಾಫಿತೋಟ
ನೋಡಿದೆ. ಎಡಗಡೆ ಕೆಳಗಿನದರ ರಬ್ಬರ್ ಹರಿದು ಗ್ರೀಸ್ ಹೊರಬಂದಿದೆ. ಅಳತೆಗಳನ್ನು ಭಾನುವಾರ ಹಾಕುತ್ತೇನೆ. ಅದಕ್ಕೂ ಮೊದಲು ಆ ಜಾಯಿಂಟ್ ಒಂದೇ ಬಿಡಿಯಾಗಿ ಸಿಗುತ್ತದೆಯೇ, ಇಡೀ ತೋಳನ್ನೇ ಕೊಳ್ಳಬೇಕೇ ಎಂಬುದನ್ನು ತಿಳಿದವರು ಹೇಳಿ.