ಆಶ್ವಿಟ್ಜ್ ಫಲಕದ ಸಂಖ್ಯೆ ಬದಲಾಯ್ತು, ಹಾಗಾದ್ರೆ 60 ಲಕ್ಷ ಸುಳ್ಳಾ?

ಮಂಜು_ಹಾಸನ: ನಾಜಿಗಳು ಯಹೂದಿಗಳನ್ನ ಕೊಂದ ಕ್ಯಾಂಪ್ ಆಶ್ವಿಟ್ಜ್‌ನಲ್ಲಿ 40 ಲಕ್ಷ ಜನ ಸತ್ರು ಅಂತ ಫಲಕ ಇತ್ತು, 1990ರಲ್ಲಿ ಅದನ್ನ ಕಿತ್ರು, ಆಮೇಲೆ ಹಾಕಿದ್ದು 15 ಲಕ್ಷ. ಅಷ್ಟು ಕಮ್ಮಿ ಆದ್ರೂ ಸತ್ತ ಯಹೂದಿಗಳು ಒಟ್ಟು 60 ಲಕ್ಷ ಅಂತಾನೇ ಹೇಳ್ತಾರಲ್ಲ, ಇದ್ಯಾವ ಲೆಕ್ಕ?

ಓದುಗ: ಆ 40 ಲಕ್ಷ 1945ರಲ್ಲಿ ಸೋವಿಯತ್ ಕಮಿಷನ್ ಹೇಳಿದ್ದು, ಹೆಣ ಸುಡೋ ಒಲೆಗಳ ಸಾಮರ್ಥ್ಯ ಹಿಡಿದು ಗುಣಿಸಿದ್ದು. 60 ಲಕ್ಷ ಅದರ ಮೇಲೆ ನಿಂತಿರಲೇ ಇಲ್ಲ. ಇತಿಹಾಸಕಾರ ರೌಲ್ ಹಿಲ್ಬರ್ಗ್ 1961ರಲ್ಲೇ ಆಶ್ವಿಟ್ಜ್‌ಗೆ 10 ಲಕ್ಷ ಯಹೂದಿಗಳು ಅಂತ ಹಿಡಿದು ಒಟ್ಟು 51 ಲಕ್ಷ ಅಂದಿದ್ರು. ಆಮೇಲೆ ಆಶ್ವಿಟ್ಜ್ ಮ್ಯೂಸಿಯಂನವರೇ ಆದ ಇತಿಹಾಸಕಾರ ಪೈಪರ್ ಎಲ್ಲೆಲ್ಲಿಂದ ಎಷ್ಟು ಜನರನ್ನ ರೈಲಲ್ಲಿ ತಂದ್ರು ಅಂತ ಕೂಡಿಸಿ ನೋಡಿದ್ರು, ಕಮ್ಮಿ ಅಂದ್ರೂ 13 ಲಕ್ಷ ಬಂದವರು, 11 ಲಕ್ಷ ಸತ್ತವರು.

ಮಂಜು_ಹಾಸನ: ಅದೂ ಅಂದಾಜೇ ತಾನೆ, ಕ್ಯಾಂಪ್ ರಿಜಿಸ್ಟರಲ್ಲಿ ಅಷ್ಟು ಹೆಸರು ಎಲ್ಲಿವೆ?

ಶೈಲಾ: ರಿಜಿಸ್ಟರ್‌ಗೆ ಸೇರಿಸಿದ್ದೇ ಸುಮಾರು 4 ಲಕ್ಷ ಜನರನ್ನ, ಹೆಚ್ಚಿನವರು ದುಡಿಸ್ಕೊಳ್ಳೋಕೆ ಇಟ್ಕೊಂಡವರು. ವಯಸ್ಸಾದವ್ರು, ಮಕ್ಕಳು, ಕಂಕುಳಲ್ಲಿ ಕೂಸಿದ್ದ ತಾಯಂದ್ರು ರೈಲಿಳಿದು ನೇರ ಗ್ಯಾಸ್ ಚೇಂಬರ್‌ಗೆ ಹೋದ್ರು, ಅವರಿಗೆ ನಂಬರೂ ಇಲ್ಲ ಎಂಟ್ರಿನೂ ಇಲ್ಲ. ಹೆಸರು ಬರೀದೇ ಕೊಂದು, ಹೆಸರಿಲ್ಲ ಅದಕ್ಕೇ ಸತ್ತಿಲ್ಲ ಅಂತ ವಾದ ಮಾಡಿದ್ರೆ ಹೊಟ್ಟೆ ಉರಿಯುತ್ತೆ ನಂಗೆ.

ಮೇಷ್ಟ್ರು: ನಾಜಿಗಳದ್ದೇ ಲೆಕ್ಕ ಬೇಕು ಅಂದ್ರೆ ತಗೊಳ್ಳಿ. 1943 ಜನವರಿ 11ಕ್ಕೆ ಹ್ಯೋಫ್ಲೆ ಅನ್ನೋ ಎಸ್‌ಎಸ್ (ನಾಜಿಗಳ ಸಶಸ್ತ್ರ ಪಡೆ) ಅಧಿಕಾರಿ ಕಳಿಸಿದ ಗುಪ್ತ ತಂತಿ, ಬ್ರಿಟಿಷರು ಅವತ್ತೇ ಕದ್ದು ಕೇಳಿ ಬರ್ಕೊಂಡಿದ್ರು, ಇತಿಹಾಸಕಾರರ ಕಣ್ಣಿಗೆ ಬಿದ್ದಿದ್ದು 2000ದಲ್ಲಿ. 1942ರ ಕೊನೇವರೆಗೆ ಕ್ಯಾಂಪ್‌ಗಳಿಗೆ ತಂದವರ ಲೆಕ್ಕ ಅದ್ರಲ್ಲಿದೆ: ಬೆಲ್ಜೆಕ್ 4,34,508, ಸೊಬಿಬೋರ್ 1,01,370, ಮೈದಾನೆಕ್ 24,733, ಟ್ರೆಬ್ಲಿಂಕಾ 71,355, ಒಟ್ಟು 12,74,166.

ಮಂಜು_ಹಾಸನ: ಕೂಡಿಸಿ ನೋಡಿದೆ ಸಾರ್, ಟ್ಯಾಲಿ ಆಗಲ್ಲ.

ಮೇಷ್ಟ್ರು: ಆಗಲ್ಲ, ಟ್ರೆಬ್ಲಿಂಕಾದಲ್ಲಿ ಒಂದು 5 ಬಿಟ್ಟುಹೋಗಿದೆ. 7,13,555 ಅಂತ ಹಾಕಿ ಈಗ ಕೂಡಿಸಿ, ಒಂದೂ ಆಚೆ ಈಚೆ ಇಲ್ಲ. ಅದೇ 12,74,166 ಎಸ್‌ಎಸ್ ಮುಖ್ಯಸ್ಥ ಹಿಮ್ಲರ್‌ಗೆ ಅವನ ಅಂಕಿಅಂಶ ಅಧಿಕಾರಿ ಕೋರ್ಹೆರ್ ಕೊಟ್ಟ ರಿಪೋರ್ಟಲ್ಲೂ ಇದೆ.

ಮಂಜು_ಹಾಸನ: ಸರಿ, ಆದ್ರೂ ಕ್ಯಾಂಪ್‌ಗಳನ್ನೆಲ್ಲ ಸೇರಿಸಿದ್ರೂ 60 ಮುಟ್ಟಲ್ವಲ್ಲ?

ಶೈಲಾ: ಮುಟ್ಟಬೇಕು ಅಂತ ಯಾರು ಹೇಳಿದ್ರು? ಸತ್ತವರೆಲ್ಲ ಕ್ಯಾಂಪಲ್ಲೇ ಸತ್ತಿಲ್ಲ. ಯಹೂದಿಗಳನ್ನ ಕೂಡಿಹಾಕಿದ್ದ ಕೇರಿಗಳಾದ ಘೆಟ್ಟೋಗಳಲ್ಲಿ ಹಸಿವು, ಟೈಫಸ್‌ನಿಂದ ಹೋದವ್ರು ಇದ್ದಾರೆ, ಗುಂಡಿ ಮುಂದೆ ನಿಲ್ಲಿಸಿ ಗುಂಡಿಕ್ಕಿದವ್ರು ಇದ್ದಾರೆ. ಕೀವ್ ಹತ್ರ ಬಾಬಿ ಯಾರ್ ಕಣಿವೇಲಿ 1941 ಸೆಪ್ಟೆಂಬರ್ 29, 30, ಎರಡೇ ದಿನದಲ್ಲಿ 33,771 ಯಹೂದಿಗಳು, ಅದೂ ಕೊಂದವರೇ ಬರ್ಲಿನ್‌ಗೆ ಕಳಿಸಿದ ವರದೀಲಿ ಇರೋ ಸಂಖ್ಯೆ.