ಹಳೇ ಯಹೂದಿ ಸಮಾಧಿಯ ಪಾಚಿ ತೆಗೆಯುವುದು ಹೇಗೆ?

ಪುತ್ತೂರು ಮಾಣಿ:
ಬ್ಯಾಂಕಿನವರು ವರ್ಗ ಮಾಡಿ ಮಾಳಕ್ಕೆ ಹಾಕಿದ್ದಾರೆ. ಕಾರ್ಕಳದ ಮಾಳ ಅಲ್ಲ, ತ್ರಿಶೂರು ಜಿಲ್ಲೆಯದ್ದು. ಇಲ್ಲೊಂದು ಹಳೇ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, ಊರವರು ಜೂತಪ್ಪಳ್ಳಿ ಅನ್ನುತ್ತಾರೆ. ಯಹೂದಿಗಳ ಸ್ಮಶಾನವೂ ಇದೆ. 1955ರಲ್ಲಿ ಅವರು ಇಸ್ರೇಲಿಗೆ ಹೊರಡುವಾಗ ಎರಡನ್ನೂ ಪಂಚಾಯಿತಿಗೆ ಒಪ್ಪಿಸಿ, ಕಾಪಾಡಿಕೊಳ್ಳಬೇಕು ಅಂತ ಕರಾರು ಬರೆಸಿದ್ದರು. ಈಗ ಉಳಿದಿರುವ ಸಮಾಧಿಗಳು ಬೆರಳೆಣಿಕೆಯಷ್ಟು, ಅವಕ್ಕೂ ಪಾಚಿ. ಭಾನುವಾರ ನಾವು ಐದಾರು ಜನ ಸೇರಿ ಆಸಿಡ್ ಹಾಕಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸುಣ್ಣ ಹೊಡೆಯೋಣ ಅಂತಿದ್ದೇವೆ. ಆಮೇಲೆ ಬರಹ ಕಾಣಬಹುದು ಅಲ್ವಾ?

ಪಡಿಯಚ್ಚು ಮೇಷ್ಟ್ರು:
ಮಾಣಿಯವರೇ, ಮೊದಲು ಆ ಆಸಿಡ್ ಬಾಟಲಿ ಅಂಗಡಿಗೆ ವಾಪಸ್ ಕೊಡಿ! ವೀರಗಲ್ಲು, ಶಾಸನ ಅಂತ ಊರೂರು ಅಲೆದವನು ನಾನು. ನೂರಾರು ವರ್ಷದ ಮಳೆಗೆ ಜಗ್ಗದ ಅಕ್ಷರ ಒಂದೇ ಭಾನುವಾರದ ಶ್ರಮದಾನಕ್ಕೆ ಹೋಗಿದ್ದನ್ನು ನೋಡಿದ್ದೇನೆ.

ಮುರಕಲ್ಲು, ಅಂದರೆ ನಿಮ್ಮ ಕಡೆಯ ಮೆತ್ತನೆ ಕೆಂಪು ಕಲ್ಲು, ಹೇಗೆ ಅಂತ ಪುತ್ತೂರಿನವರಿಗೆ ನಾನು ಹೇಳಬೇಕಾ? ಆ ಸಮಾಧಿಗಳೂ ಮುರಕಲ್ಲಿಗೆ ಗಾರೆ ಮೆತ್ತಿದವಾಗಿದ್ದರೆ, ಉಜ್ಜಿದಾಗ ಪಾಚಿಯ ಜೊತೆ ಗಾರೆಯೂ ಕಿತ್ತು ಬರುತ್ತದೆ. ಬರಹ ಇರುವುದೇ ಆ ಗಾರೆಯಲ್ಲಿದ್ದರೆ ಮುಗಿಯಿತು. ಬರೀ ನೀರು, ಮೆತ್ತನೆ ಬ್ರಷ್ಷು ಸಾಕು. ಪದರ ಏಳುವ ಕಡೆ ಅದೂ ಬೇಡ. ಬಿರುಕಿಗೆ ಸಿಮೆಂಟ್ ತುಂಬಬೇಡಿ. ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ, ಪಕ್ಕದ ಮೆತ್ತನೆ ಕಲ್ಲೇ ಪುಡಿಯಾಗುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಆಗಬೇಕು, ಅದೂ ಕೆಲಸ ಗೊತ್ತಿದ್ದವರ ಕೈಯಲ್ಲಿ. ಪಂಚಾಯಿತಿ ಒಪ್ಪಿಗೆ ಬರಹದಲ್ಲಿರಲಿ.

ಓದುವುದಕ್ಕೆ ಟಾರ್ಚ್ ಸಾಕು. ಕತ್ತಲಾದ ಮೇಲೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಮೈದಾ ಹಿಟ್ಟು ಬಳಿಯುವುದು ನಮ್ಮ ಶಾಸನ ಹುಚ್ಚರ ಚಾಳಿ, ಅದು ಬೇಡ. (ನಾನೂ ಬಳಿದಿದ್ದೇನೆ, ಸುಳ್ಳು ಯಾಕೆ.)

ಕೆಂಗೇರಿ ಶಾಲಿನಿ:
ಹೀಬ್ರೂ ಬಲದಿಂದ ಎಡಕ್ಕೆ. ಯಹೂದಿ ಪಂಚಾಂಗದ ವರ್ಷವನ್ನೂ ಅಕ್ಷರಗಳಲ್ಲೇ ಬರೆಯುತ್ತಾರೆ, ಸಾವಿರದ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟು. 715 ಅಂತ ಬಂದರೆ 1240 ಕೂಡಿಸಿ, 1955 ಆಯ್ತು. ಒಂದು ಅಕ್ಷರ ಅಳಿಸಿದರೆ ನೂರಿನ್ನೂರು ವರ್ಷ ಹೆಚ್ಚುಕಮ್ಮಿ! ಹತ್ತಿರದ ಚೇಂದಮಂಗಲಂಗೂ ಹೋಗಿಬನ್ನಿ. ಅಲ್ಲಿನ ಸಿನಗಾಗ್ ಮುಂದೆ 1269ರ ಸಾರಾ ಎಂಬ ಹೆಣ್ಣುಮಗಳ ಸಮಾಧಿ ಕಲ್ಲಿದೆ. ನಮ್ಮ ಮೈಸೂರು ರಸ್ತೆಯಲ್ಲೂ ಯಹೂದಿ ಸ್ಮಶಾನವಿದೆ, ಜಾಗ ಕೊಟ್ಟವರು ನಾಲ್ವಡಿಯವರು.

ಹಾಂ, ಸಮಾಧಿ ಮೇಲೆ ಸಣ್ಣ ಸಣ್ಣ ಕಲ್ಲು ಇಟ್ಟಿದ್ದರೆ ತೆಗೆಯಬೇಡಿ. ನಾವು ಹೂವು ಇಟ್ಟ ಹಾಗೆ, ಬಂದುಹೋದವರು ಇಡುವುದು ಅದು.

ಪುತ್ತೂರು ಮಾಣಿ:
ಆಸಿಡ್ ವಾಪಸ್ ತೆಗೆದುಕೊಳ್ಳಲಿಲ್ಲ, ಬಚ್ಚಲಿಗಾಯ್ತು. ಆದರೆ ಶಾಲಿನಿಯವರೇ, ಹೋದ ವಾರ ಒಂದು ಸಮಾಧಿಯ ಮೇಲಿದ್ದ ನಾಲ್ಕು ಕಲ್ಲನ್ನು ಕಸ ಅಂತ ನಾನೇ ಗುಡಿಸಿಬಿಟ್ಟೆ. ಅಲ್ಲೇ ಪಕ್ಕದಲ್ಲಿ ಬಿದ್ದಿವೆ. ನಾನು ಎತ್ತಿಟ್ಟರೆ ನಡೆಯುತ್ತದಾ?