ಸರ್ವರ್ 2012 ಆರ್‌2 ಡೊಮೇನ್ ಕಂಟ್ರೋಲರ್‌ನಿಂದ 2022ಕ್ಕೆ: ಎಫ್‌ಆರ್‌ಎಸ್ ಎಂದು ಪ್ರಮೋಶನ್ ನಿಲ್ಲುತ್ತಿದೆ

ಪ್ರಶ್ನೆ

ಆಫೀಸಿನಲ್ಲಿ 40 ಪಿಸಿ, ಒಂದೇ ಡೊಮೇನ್ ಕಂಟ್ರೋಲರ್ (ಡಿಸಿ, ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್), ವಿಂಡೋಸ್ ಸರ್ವರ್ 2012 ಆರ್‌2. ಡಿಎನ್‌ಎಸ್, ಡಿಎಚ್‌ಸಿಪಿ, ಫೈಲ್ ಶೇರ್ ಎಲ್ಲ ಅದರಲ್ಲೇ. ಡೊಮೇನ್ ಹುಟ್ಟಿದ್ದು ಸರ್ವರ್ 2003ರಲ್ಲಿ, ಫಂಕ್ಷನಲ್ ಲೆವೆಲ್ (ಡೊಮೇನ್ ನಡೆಯುವ ಆವೃತ್ತಿಯ ಮಟ್ಟ) ಈಗ 2008 ಆರ್‌2. ಹೊಸ 2022 ಸರ್ವರನ್ನು ಪ್ರಮೋಟ್ ಮಾಡಲು (ಡಿಸಿಯಾಗಿ ಏರಿಸಲು) ಹೋದರೆ ಡೊಮೇನ್ ಇನ್ನೂ ಎಫ್‌ಆರ್‌ಎಸ್ (ಡಿಸಿಗಳ ನಡುವೆ ಫೈಲ್ ಹಂಚುವ ಹಳೆಯ ವ್ಯವಸ್ಥೆ) ಬಳಸುತ್ತಿದೆ ಎಂದು ವಿಝಾರ್ಡ್ ನಿಲ್ಲುತ್ತದೆ. 2012 ಆರ್‌2 ಮೇಲೆಯೇ ಅಪ್‌ಗ್ರೇಡ್ ಓಡಿಸಿಬಿಡಲೇ? ಹಳೆಯ ಐಪಿ ಉಳಿಯಬೇಕು.

ಉತ್ತರ 1

ಡಿಸಿ ಮೇಲೆ ಇನ್‌ಪ್ಲೇಸ್ ಅಪ್‌ಗ್ರೇಡ್ ಬೇಡ ಸರ್, ಅದೂ ಒಂದೇ ಡಿಸಿ ಇರುವಾಗ. ಅದರಿಂದ ಈ ತೊಡಕು ತಪ್ಪುವುದೂ ಇಲ್ಲ. ಸಿಸ್‌ವಾಲ್ ಫೋಲ್ಡರನ್ನು (ಗ್ರೂಪ್ ಪಾಲಿಸಿ, ಅಂದರೆ ಪಿಸಿಗಳಿಗೆ ಹಾಕುವ ನಿಯಮಗಳು ಇರುವ ಜಾಗ) ಎಫ್‌ಆರ್‌ಎಸ್ ಮೂಲಕ ಹಂಚುವ ವ್ಯವಸ್ಥೆಯನ್ನು 2019ರಿಂದ ಈಚಿನ ಸರ್ವರ್‌ಗಳು ಒಪ್ಪುವುದಿಲ್ಲ. ಫಂಕ್ಷನಲ್ ಲೆವೆಲ್ ಏರಿಸಿದರೆ ಸಿಸ್‌ವಾಲ್ ತಾನಾಗಿ ಡಿಎಫ್‌ಎಸ್‌ಆರ್‌ಗೆ (ಎಫ್‌ಆರ್‌ಎಸ್ ಬದಲಿಗೆ ಬಂದ ಹೊಸ ವ್ಯವಸ್ಥೆ) ಬದಲಾಗದು, ಬೇರೆಯಾಗಿ ಮಾಡಬೇಕು.

ಮೊದಲು ಸಿಸ್ಟಮ್ ಸ್ಟೇಟ್ ಬ್ಯಾಕಪ್, ಜೊತೆಗೆ ಸಿಸ್‌ವಾಲ್ ಫೋಲ್ಡರಿನ ಬೇರೊಂದು ಕಾಪಿ. ಆಮೇಲೆ ಇವೆಂಟ್ ವ್ಯೂವರ್‌ನ ಫೈಲ್ ರೆಪ್ಲಿಕೇಶನ್ ಲಾಗಿನಲ್ಲಿ 13568 ಸಂಖ್ಯೆಯ ಇವೆಂಟ್ ಇದೆಯೇ ನೋಡಿ. ಇದ್ದರೆ ಜರ್ನಲ್ ರ‍್ಯಾಪ್ ಆಗಿದೆ, ಅಂದರೆ ಎಫ್‌ಆರ್‌ಎಸ್ ಬದಲಾವಣೆಗಳ ಜಾಡು ಕಳೆದುಕೊಂಡಿದೆ ಎಂದರ್ಥ, ಮೈಗ್ರೇಶನ್ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಆಗ ರಿಜಿಸ್ಟ್ರಿಯಲ್ಲಿ ಬರ್‌ಫ್ಲ್ಯಾಗ್ಸ್ ಅನ್ನು ಡಿ4 (ಈ ಡಿಸಿಯ ಕಾಪಿಯೇ ಸರಿ ಎನ್ನುವ ಆಯ್ಕೆ) ಮಾಡಿ ಎಫ್‌ಆರ್‌ಎಸ್ ಸರ್ವಿಸ್ ರೀಸ್ಟಾರ್ಟ್ ಮಾಡಿ, 13516 (ಸಿಸ್‌ವಾಲ್ ಸರಿಯಾಯಿತು ಎಂಬ ಇವೆಂಟ್) ಬರುವವರೆಗೆ ಕಾಯಿರಿ. ದಯವಿಟ್ಟು ಡಿ2 ಹಾಕಬೇಡಿ. ಅದು ಇನ್ನೊಂದು ಡಿಸಿಯಿಂದ ಕಾಪಿ ಎಳೆದುಕೊಳ್ಳುವ ಆಯ್ಕೆ. ನಿಮ್ಮಲ್ಲಿ ಇನ್ನೊಂದು ಡಿಸಿಯೇ ಇಲ್ಲ, ಗ್ರೂಪ್ ಪಾಲಿಸಿಗಳು ಶೇರಿನಿಂದ ಮಾಯವಾಗುತ್ತವೆ.

ನಂತರ ಡಿಎಫ್‌ಎಸ್‌ಆರ್‌ಗೆ ಬದಲಿಸುವ ಡಿಎಫ್‌ಎಸ್‌ಆರ್‌ಮಿಗ್ ಕಮಾಂಡಿನಲ್ಲಿ ಸೆಟ್‌ಗ್ಲೋಬಲ್‌ಸ್ಟೇಟ್ 1, ಆಮೇಲೆ 2, ಕೊನೆಗೆ 3. ಒಂದೊಂದಾದ ಮೇಲೂ ಗೆಟ್‌ಮೈಗ್ರೇಶನ್‌ಸ್ಟೇಟ್ ಓಡಿಸಿ, ಮುಗಿಯಿತು ಎಂದು ಬಂದ ಮೇಲೆಯೇ ಮುಂದಿನದು. 2ರವರೆಗೆ ಹಿಂದಕ್ಕೆ ಬರಬಹುದು, 3 ಆದರೆ ಇಲ್ಲ. ಹಾಗಾಗಿ 2ರಲ್ಲಿ ಒಂದು ದಿನ ಬಿಟ್ಟು, ಪಿಸಿಗಳಲ್ಲಿ ಪಾಲಿಸಿ ಅಪ್‌ಡೇಟ್ ಆಗುತ್ತಿದೆಯೇ ಪರೀಕ್ಷಿಸಿ. ನೆಟ್ ಶೇರ್ ಓಡಿಸಿದರೆ ಸಿಸ್‌ವಾಲ್ ಹಾದಿಯಲ್ಲಿ ಸಿಸ್‌ವಾಲ್_ಡಿಎಫ್‌ಎಸ್‌ಆರ್ ಎಂದು ಕಾಣಬೇಕು.

ಉತ್ತರ 2

ಮೇಲಿನದು ಮುಗಿದ ಮೇಲಿನ ಕೆಲಸ. ಪ್ರಮೋಶನ್‌ಗೆ ಮುಂಚೆ ಹೊಸ ಸರ್ವರಿನ ಡಿಎನ್‌ಎಸ್ ಜಾಗದಲ್ಲಿ ಹಳೆಯ ಡಿಸಿಯ ಐಪಿ ಮಾತ್ರ ಇರಲಿ, ಇಂಟರ್ನೆಟ್ ಡಿಎನ್‌ಎಸ್ ಎರಡನೆಯದಾಗಿಯೂ ಬೇಡ. ಸ್ಕೀಮಾ (ಡೊಮೇನ್ ಡೇಟಾಬೇಸಿನ ರಚನೆ) ಅಪ್‌ಡೇಟನ್ನು ವಿಝಾರ್ಡೇ ಮಾಡುತ್ತದೆ. ಆದ ಮೇಲೆ ಹೊಸದರಲ್ಲಿ ಸಿಸ್‌ವಾಲ್, ನೆಟ್‌ಲಾಗನ್ ಎರಡೂ ಶೇರ್ ಆಗಿವೆಯೇ, ರೆಪ್‌ಅಡ್ಮಿನ್ ಮತ್ತು ಡಿಸಿಡಯಾಗ್ ಎಂಬ ಪರೀಕ್ಷಾ ಕಮಾಂಡುಗಳಲ್ಲಿ ದೋಷವಿಲ್ಲವೇ ನೋಡಿಯೇ ಐದು ಫಿಸ್ಮೋ ರೋಲ್‌ಗಳನ್ನು (ಒಂದು ಸಲಕ್ಕೆ ಒಂದೇ ಡಿಸಿ ಹೊರುವ ವಿಶೇಷ ಹೊಣೆಗಳು) ವರ್ಗಾಯಿಸಿ.

ಎಲ್ಲರೂ ಮರೆಯುವುದು ಸಮಯ. ಡೊಮೇನಿಗೆ ಸಮಯ ಕೊಡುವ ಪಿಡಿಸಿ ಎಮ್ಯುಲೇಟರ್ ರೋಲ್ ಹೋದರೂ ಹೊರಗಿನ ಎನ್‌ಟಿಪಿ (ಗಡಿಯಾರ ಹೊಂದಿಸುವ) ಸೆಟ್ಟಿಂಗ್ ಅದರ ಜೊತೆ ಹೋಗುವುದಿಲ್ಲ. ಹೊಸದರಲ್ಲಿ ಡಬ್ಲ್ಯು32ಟಿಎಂ ಮೂಲಕ ಎನ್‌ಟಿಪಿ ಸರ್ವರ್ ಕೊಡಿ, ಹಳೆಯದನ್ನು ಡೊಮೇನ್ ಸಮಯಕ್ಕೆ ತಿರುಗಿಸಿ. ಪಿಸಿಗೂ ಡಿಸಿಗೂ 5 ನಿಮಿಷಕ್ಕಿಂತ ಹೆಚ್ಚು ಅಂತರವಾದರೆ ಕೆರ್ಬೆರೋಸ್ ಲಾಗಿನ್ ಕೈಕೊಡುತ್ತದೆ. ಹಾಗೆಯೇ ಡಿಎನ್‌ಎಸ್ ಝೋನ್ ರೆಪ್ಲಿಕೇಟ್ ಆಗುತ್ತದೆ, ಫಾರ್ವರ್ಡರ್ (ಹೊರಗಿನ ಹೆಸರುಗಳನ್ನು ಕೇಳುವ ಡಿಎನ್‌ಎಸ್ ವಿಳಾಸ) ಆಗುವುದಿಲ್ಲ, ಕೈಯಿಂದ ಹಾಕಿ.

ಡಿಎಚ್‌ಸಿಪಿಗೆ ಪವರ್‌ಶೆಲ್‌ನ ಎಕ್ಸ್‌ಪೋರ್ಟ್-ಡಿಎಚ್‌ಸಿಪಿಸರ್ವರ್, ಲೀಸಸ್ ಆಯ್ಕೆಯ ಜೊತೆ. ಹೊಸದರಲ್ಲಿ ಇಂಪೋರ್ಟ್ ಮಾಡಿ ಆಥರೈಸ್ ಮಾಡುವ ಮುಂಚೆ ಹಳೆಯ ಸರ್ವಿಸ್ ನಿಲ್ಲಿಸಿ. 2022ರ ಕ್ಯಾಲ್ (ಸರ್ವರ್ ಬಳಸುವವರ) ಲೈಸೆನ್ಸ್ ಬೇರೆ ಬೇಕು, ಹಳೆಯವು ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಐಪಿ ಬದಲಾವಣೆ ಯಾವಾಗ? ಸ್ಕ್ಯಾನರ್ ನೇರವಾಗಿ ಹಳೆಯ ಸರ್ವರಿನ ಶೇರ್ ಫೋಲ್ಡರಿಗೆ ಕಳಿಸುತ್ತದೆ, ಅದಕ್ಕೇನು?

ಉತ್ತರ 3

ರೋಲ್‌ಗಳು ಹೋದ ಮೇಲೆ, ಕೆಲಸದ ಹೊತ್ತು ಮುಗಿದ ಬಳಿಕ. ಹಳೆಯದಕ್ಕೆ ಖಾಲಿ ಐಪಿ ಕೊಟ್ಟು ಐಪಿಕಾನ್ಫಿಗ್ ರಿಜಿಸ್ಟರ್‌ಡಿಎನ್‌ಎಸ್ ಓಡಿಸಿ, ನೆಟ್‌ಲಾಗನ್ ರೀಸ್ಟಾರ್ಟ್ ಮಾಡಿ. ಬಳಿಕ ಹೊಸದಕ್ಕೆ ಹಳೆಯ ಐಪಿ ಕೊಟ್ಟು ಅದನ್ನೇ ಮಾಡಿ. ಎರಡರ ಡಿಎನ್‌ಎಸ್ ಸೆಟ್ಟಿಂಗನ್ನೂ ಹೊಸ ಐಪಿಗಳಿಗೆ ತಕ್ಕಂತೆ ತಿದ್ದಿ, ಡಿಎನ್‌ಎಸ್‌ನಲ್ಲಿ ಉಳಿದ ಹಳೆಯ ಎ ರೆಕಾರ್ಡ್ (ಹೆಸರಿಗೆ ಐಪಿ ತೋರಿಸುವ ನಮೂದು) ಅಳಿಸಿ.

ಸ್ಕ್ಯಾನರ್ ಹಳೆಯದಾದರೆ ಎಸ್‌ಎಂಬಿ 1 (ಫೈಲ್ ಶೇರಿನ ಹಳೆಯ ಪ್ರೋಟೋಕಾಲ್) ಮಾತ್ರ ಗೊತ್ತಿರಬಹುದು, 2022ರಲ್ಲಿ ಅದು ಇನ್‌ಸ್ಟಾಲ್ ಆಗಿರುವುದಿಲ್ಲ. ಸ್ಕ್ಯಾನರಿಗಾಗಿ ಡಿಸಿಯಲ್ಲಿ ಅದನ್ನು ತೆರೆಯಬೇಡಿ. ಫರ್ಮ್‌ವೇರ್ ಅಪ್‌ಡೇಟ್ ನೋಡಿ, ಇಲ್ಲವಾದರೆ ಸ್ಕ್ಯಾನ್ ಟು ಇಮೇಲ್. ಫೈಲ್ ಶೇರನ್ನು ಬೇರೆ ಮೆಂಬರ್ ಸರ್ವರಿಗೆ ರೋಬೋಕಾಪಿಯಿಂದ, ಕಾಪಿಆಲ್ ಆಯ್ಕೆಯೊಂದಿಗೆ ಸಾಗಿಸಿ, ಪರ್ಮಿಶನ್‌ಗಳೂ ಬರುತ್ತವೆ. ಮಿರ್ (ಗುರಿಯನ್ನು ಮೂಲದಂತೆಯೇ ಮಾಡುವ) ಆಯ್ಕೆ ಬಳಸುವುದಾದರೆ ಮೂಲ ಯಾವುದು, ಗುರಿ ಯಾವುದು ಎಂದು ಎರಡು ಸಲ ಓದಿ. ಅದಲುಬದಲಾದರೆ ಮೂಲದ ಫೈಲುಗಳೇ ಅಳಿಸಿಹೋಗುತ್ತವೆ.

ಹಳೆಯದನ್ನು ತಕ್ಷಣ ಡಿಮೋಟ್ ಮಾಡದೆ (ಡಿಸಿ ಸ್ಥಾನದಿಂದ ಇಳಿಸದೆ) ಮೂರ್ನಾಲ್ಕು ದಿನ ಆಫ್ ಮಾಡಿಡಿ. ಯಾವುದು ಇನ್ನೂ ಅದನ್ನೇ ನೆಚ್ಚಿಕೊಂಡಿದೆ ಎಂಬುದು ಆಗ ತಿಳಿಯುತ್ತದೆ. ಆಮೇಲೆ ಆನ್ ಮಾಡಿ, ರೆಪ್ಲಿಕೇಶನ್ ಸರಿಯಾದ ಮೇಲೆ ಕ್ರಮವಾಗಿ ಡಿಮೋಟ್ ಮಾಡಿ. ಮತ್ತೆ ಒಂದೇ ಡಿಸಿಗೆ ನಿಲ್ಲಬೇಡಿ ಸರ್, ವಿಎಂ ಆದರೂ ಸರಿ, ಎರಡನೆಯದನ್ನು ಈಗಲೇ ಏರಿಸಿ.